ಬಾಯಿ ಬಿಟ್ಟ ಸೊನ್ನೆ

4 ಆಗಸ್ಟ್
ಹೆಣ್ಣುಮಕ್ಕಳ ಹಾಸ್ಟೆಲ್, ಕೊಠಡಿ 14

ವರದಿ ಮೇಜಿನ ಸರ್ ಅಥವಾ ಮೇಡಂ ಅವರಿಗೆ,

ಮೊದಲು ಸಾರಿ. ನಿಮ್ಮಂಥ ಕಚೇರಿಗೆ ನನ್ನಂಥವಳು ಕಾಗದ ಬರೆಯುವುದೇ ಅಧಿಕಪ್ರಸಂಗ ಅಂತ ಗೊತ್ತು. ನಿಮಗೆ ಬರಬೇಕಾದದ್ದು ಕಾರ್ಡು, ಕಾಗದ ಅಲ್ಲ. ಮೂರು ಸಲ ಬರೆದು ಹರಿದಿದ್ದೇನೆ. ಇದನ್ನೂ ಹರಿದರೆ ನೋಟ್‌ಬುಕ್ಕಿನ ಮಧ್ಯದ ಹಾಳೆಗಳು ಮುಗಿದು ಹೊಲಿಗೆ ಬಿಚ್ಚಿಹೋಗುತ್ತದೆ.

ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಫಸ್ಟ್ ಇಯರ್. ಇಲ್ಲಿ ಪ್ರತಿ ಹುಡುಗಿಗೂ ಒಂದೊಂದು ಡ್ಯೂಟಿ ಕೊಡುತ್ತಾರೆ. ನನಗೆ ಸಿಕ್ ರೂಮ್ ಬಂದಿದೆ. ನೆಲಮಹಡಿಯ ಕೊನೆಯ ಕೋಣೆ. ನಾಲ್ಕು ಕಬ್ಬಿಣದ ಮಂಚ, ಒಂದು ತಗಡಿನ ಬೀರು, ನೀರಿನ ಟ್ಯಾಂಕಿನ ಕಡೆಗೆ ತೆರೆಯುವ ಒಂದು ಕಿಟಕಿ. ಯಾರಿಗೆ ಜ್ವರ, ಯಾರಿಗೆ ಭೇದಿ, ಯಾರ ಮೈಮೇಲೆ ಗುಳ್ಳೆ ಅಂತ ರಿಜಿಸ್ಟರಿನಲ್ಲಿ ಬರೆದು, ಶನಿವಾರ ಕೂಡಿಸಿ, ಹರಡುವ ರೋಗ ಎಷ್ಟು ಜನಕ್ಕೆ ಅಂತ ನಿಮಗೆ ಕಾರ್ಡು ಹಾಕುವುದು ಕೆಲಸ.

ನಾನು ಸೇರಿ ಎರಡು ವಾರ ಆಯಿತು. ಎರಡು ವಾರವೂ ಯಾರೂ ಕಾಯಿಲೆ ಬೀಳಲಿಲ್ಲ. ಬರೆಯಲು ಏನೂ ಇಲ್ಲವಲ್ಲ ಅಂತ ಕಾರ್ಡು ಹಾಕಲಿಲ್ಲ. ನಿನ್ನೆ ಕಾರ್ಡಿನ ಬೆನ್ನು ಓದಿದೆ. ‘ಯಾರೂ ಇಲ್ಲದಿದ್ದರೂ ಕಾರ್ಡು ಕಳಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ.’ ಆಗಿನಿಂದ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಸೂಕ್ತ ಕ್ರಮ ಅಂದರೆ ಸೀಟು ಹೋಗುತ್ತದೆಯೇ?

ನನ್ನ ರೂಮ್‌ಮೇಟ್ ನಗುತ್ತಾಳೆ. ಅವಳನ್ನು ಇಡೀ ಹಾಸ್ಟೆಲ್ ರೇಡಿಯೊ ಅನ್ನುತ್ತದೆ, ಹಲ್ಲು ಉಜ್ಜುವಾಗಲೂ ಮಾತು ನಿಲ್ಲಿಸುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೆ, ಯಾರೂ ಏನೂ ಅನ್ನದೆಯೇ ಮುಟ್ಟಿಕೊಳ್ಳುವವಳು ನೀನೊಬ್ಬಳೇ ಅಂದಳು.

ಎರಡೂ ವಾರದ ಕಾರ್ಡು ಇದರೊಳಗಿದೆ. ಎರಡರಲ್ಲೂ 0. ಸೊನ್ನೆಗೆ ಅಡ್ಡಗೆರೆ ಎಳೆದಿದ್ದೇನೆ. ಯಾರೂ ತಿದ್ದಿ 6 ಅಥವಾ 8 ಮಾಡಬಾರದು ಅಂತ ಲ್ಯಾಬಿನಲ್ಲಿ ಹಾಗೆ ಕಲಿಸಿದ್ದಾರೆ. ದಯವಿಟ್ಟು ಮನ್ನಿಸಿ.

ಸಿಕ್ ರೂಮ್ ಡ್ಯೂಟಿ,
ಕೊಠಡಿ 14


9 ಆಗಸ್ಟ್
ಆರೋಗ್ಯ ಕಚೇರಿ, ವರದಿ ಮೇಜು

ಕೊಠಡಿ ಹದಿನಾಲ್ಕಕ್ಕೆ,

ಸರ್ ಅಲ್ಲ, ಮೇಡಂ. ಆದರೆ ಮೂವತ್ತೊಂದು ವರ್ಷ ಈ ಮೇಜಿನ ಹಿಂದೆಯೇ ಕೂತು ಈಗ ನಾನೂ ಅರ್ಧ ಮೇಜೇ ಆಗಿದ್ದೇನೆ. ಇಲ್ಲಿಗೆ ವಾರಕ್ಕೆ ಇನ್ನೂರು ಕಾರ್ಡು ಬರುತ್ತವೆ. ಕಾಗದ ಅಂತ ಬಂದದ್ದು ಇದು ಎರಡನೆಯದು. ಮೊದಲನೆಯದು ವಿಳಾಸ ತಪ್ಪಿ ಬಂದಿದ್ದ ಮದುವೆಯ ಕರೆಯೋಲೆ. ನಿಮ್ಮದನ್ನು ಓದಿ ಪಕ್ಕದ ಮೇಜಿನವನಿಗೂ ಓದಿ ಹೇಳಿದೆ. ಬೇಸರ ಮಾಡಿಕೊಳ್ಳಬೇಡಿ, ಅವನು ನಕ್ಕು ಬಹಳ ದಿನವಾಗಿತ್ತು.

ಸೂಕ್ತ ಕ್ರಮ ಅಂದರೆ ನಾನು ಕೆಂಪು ಪೆನ್ನು ಹುಡುಕಿ ನಿಮ್ಮ ಹಾಸ್ಟೆಲ್ಲಿನ ಮುಂದೆ ಒಂದು ಗೆರೆ ಎಳೆಯುವುದು. ಆ ಪೆನ್ನೂ ಒಣಗಿದೆ. ಅಲ್ಲದೆ ಗೆರೆ ಎಳೆಯುವ ಪ್ರಮೇಯವೇ ಇಲ್ಲ. ನಿಮ್ಮ ಎರಡೂ ವಾರದ ಕಾರ್ಡು ಆಯಾ ಸೋಮವಾರವೇ ಬಂದು ಸೇರಿವೆ. ಎರಡರಲ್ಲೂ ಸೊನ್ನೆ. ಕಳಿಸಿ ಮರೆತಿದ್ದೀರಿ.

ಸೊನ್ನೆಯನ್ನು ಯಾಕೆ ಕೇಳುತ್ತೇವೆ ಅಂತ ಯಾರೂ ಹೇಳಿರಲಾರರು, ಅದಕ್ಕೆ ಬರೆಯುತ್ತೇನೆ. ಕಾರ್ಡು ಬಾರದಿದ್ದರೆ ಅಲ್ಲಿ ಯಾರೂ ಕಾಯಿಲೆ ಬಿದ್ದಿಲ್ಲವೋ, ಕಾರ್ಡು ಬರೆಯುವವಳೇ ಬಿದ್ದಿದ್ದಾಳೋ ನನಗೆ ತಿಳಿಯುವುದಿಲ್ಲ. ಸೊನ್ನೆ ಬಂದರೆ ಒಬ್ಬಳು ಹೋಗಿ ಕಣ್ಣಾರೆ ನೋಡಿದ್ದಾಳೆ ಅಂತ ಅರ್ಥ.

ಓದಿನ ಕಡೆ ಗಮನ ಕೊಡಿ.

ವರದಿ ಮೇಜು


14 ಆಗಸ್ಟ್
ಕೊಠಡಿ 14

ಮೇಡಂ,

ಮತ್ತೆ ಸಾರಿ. ನಾನು ಮರೆತಿಲ್ಲ. ನಾನು ಮರೆಯುವ ಟೈಪ್ ಅಲ್ಲ. ಬೀಗ ಹಾಕಿದ ಬಾಗಿಲನ್ನು ಎರಡು ಸಲ ಎಳೆದು ನೋಡಿ, ಮೆಟ್ಟಿಲು ಇಳಿದು, ಮತ್ತೆ ಹತ್ತಿ ನೋಡುವವಳು. ಆ ಎರಡು ವಾರ ನಾನು ಕಾರ್ಡು ಹಾಕಲೇ ಇಲ್ಲ. ಕಾರ್ಡಿನ ಕಟ್ಟಿಗೆ ಕಾಗದದ ಪಟ್ಟಿ ಸುತ್ತಿತ್ತು, ಅದನ್ನು ಹರಿದದ್ದೇ ಆಗಸ್ಟ್ ಮೂರಕ್ಕೆ.

ಮೇಟ್ರನ್ ಅವರನ್ನು ಕೇಳಿದೆ. ಹಾಸ್ಟೆಲ್ಲಿನ ಎಲ್ಲವೂ ಅವರೇ. ಟಪಾಲಿನ ಚೀಲ, ತಾರೀಖಿನ ಮೊಹರು, ಫೋನಿನ ಬೀಗದಕೈ ಎಲ್ಲ ಅವರ ಕೋಣೆಯಲ್ಲೇ. ಹೋಗಿದೆಯಲ್ಲಮ್ಮ, ಹೋದ ಮೇಲೆ ಇನ್ನೇನು ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಈಗ ಶನಿವಾರ ನಾನು ಬರೆದ ಕಾರ್ಡನ್ನು ಅವರ ಕೈಗೆ ಕೊಡುತ್ತೇನೆ. ನಾಲ್ಕು ಗಂಟೆಗೆ ಅವರು ಬಾಗಿಲು ಹಾಕಿಕೊಂಡು ಮೊಹರು ಒತ್ತುತ್ತಾರೆ. ಸಿಕ್ ರೂಮಿನವರೆಗೂ ಕೇಳುತ್ತದೆ, ಟಕ್ ಅಂತ, ಒಂದೇ ಸಲ.

ಸಿಕ್ ರೂಮನ್ನು ಪೂರ್ತಿ ಗುಡಿಸಿದೆ. ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಜೊತೆ ನೀಲಿ ಚಪ್ಪಲಿ ಇದೆ, ಯಾರದೆಂದು ಯಾರೂ ಹೇಳುವುದಿಲ್ಲ. ಮೂರನೇ ಮಂಚದ ಪಕ್ಕದ ಗೋಡೆಯ ಮೇಲೆ, ಮಲಗಿದವರ ಕೈಗೆಟುಕುವಷ್ಟು ಎತ್ತರದಲ್ಲಿ, ಯಾರೋ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ವೃತ್ತ ಬರೆದಿದ್ದಾರೆ. ಸಾಲುಸಾಲಾಗಿ. ಒಂದು ವೃತ್ತವೂ ಪೂರ್ತಿ ಸೇರಿಲ್ಲ. ನೋಡುತ್ತಾ ಕೂತರೆ ಅವನ್ನು ಸೇರಿಸಿ ಮುಚ್ಚಿಬಿಡಬೇಕು ಅನ್ನಿಸಿ ಬೆರಳು ತುರಿಸುತ್ತದೆ.

ನಿಮಗೆ ಬಂದ ಆ ಕಾರ್ಡುಗಳು ಹೇಗಿವೆ? ಅಂಕಿ ಇಂಗ್ಲಿಷಿನದೋ ನಮ್ಮದೋ? ನಮ್ಮದಾದರೆ ಖಂಡಿತ ನಾನು ಬರೆದದ್ದಲ್ಲ. ಆರನೇ ವಯಸ್ಸಿನಿಂದ ಇಂಗ್ಲಿಷ್ ಹಾಸ್ಟೆಲ್ ಶಾಲೆ ನನ್ನದು. ನಮ್ಮ ಅಂಕಿಯ ಬೋರ್ಡು ಹಾಕಿಕೊಂಡ ಬಸ್ಸು ಬಂದರೆ ಇವತ್ತಿಗೂ ರೇಡಿಯೊ ಓದಿ ಹೇಳಬೇಕು. ನಾಚಿಕೆಯ ವಿಷಯ, ಆದರೆ ಹೇಳಿದ್ದೇನೆ.

ಕೊಠಡಿ 14


20 ಆಗಸ್ಟ್
ವರದಿ ಮೇಜು

ಕೊಠಡಿ ಹದಿನಾಲ್ಕಕ್ಕೆ,

ತೆಗೆದು ನೋಡಿದೆ. ನೀವು ಕಾಗದದೊಳಗೆ ಇಟ್ಟ ಎರಡು ಕಾರ್ಡು ಬಿಳಿ. ಅವು ಬಿಟ್ಟರೆ ನಿಮ್ಮ ಹಾಸ್ಟೆಲ್ಲಿನಿಂದ ಬಂದ ಎಲ್ಲವೂ ಹಳೆಯ ಅಚ್ಚಿನವು, ಅಂಚು ಹಳದಿಯಾಗಿದೆ. ಈ ತಿಂಗಳದ್ದೂ ಹಾಗೇ. ಅಂದರೆ ನೀವು ಮೇಟ್ರನ್ ಕೈಗೆ ಕೊಟ್ಟದ್ದು ನನಗೆ ತಲುಪುತ್ತಿಲ್ಲ.

ಹಳದಿ ಕಾರ್ಡಿನಲ್ಲಿ ತಾರೀಖು ಮಾತ್ರ ಹೊಸ ಮೊಹರು. ಉಳಿದದ್ದೆಲ್ಲ ಒಂದೇ ಕೈ, ಒಂದೇ ನೀಲಿ ಶಾಯಿ. ಸಹಿಯ ಜಾಗದಲ್ಲಿ ಹೆಸರಿಲ್ಲ, ‘ಕೊಠಡಿ ಹದಿನಾಲ್ಕು’ ಅಂತ ಅಕ್ಷರದಲ್ಲಿ ಬರೆದಿದೆ. ಅದಕ್ಕೇ ನಿಮ್ಮದೆಂದುಕೊಂಡೆ. ಸೊನ್ನೆಗೆ ಅಡ್ಡಗೆರೆ ಇಲ್ಲ. ಕೆಳಗೆ ಒಂದು ಚೂರು ಬಿಟ್ಟುಹೋಗಿದೆ, ಸುತ್ತು ಮುಗಿಯುವ ಮೊದಲೇ ಶಾಯಿ ಮುಗಿದ ಹಾಗೆ. ಮೂರು ವರ್ಷದ ಹಿಂದಿನವನ್ನೂ ನೋಡಿದೆ. ಎಲ್ಲದರಲ್ಲೂ ಅದೇ ಜಾಗದಲ್ಲಿ ಶಾಯಿ ಮುಗಿದಿದೆ.

ಗಾಬರಿಯಾಗಬೇಡಿ. ಇದು ಹಳೆಯ ಕಳ್ಳಾಟ. ನಾವು ಇದನ್ನು ಮುಂಗಡ ಸೊನ್ನೆ ಅನ್ನುತ್ತೇವೆ. ಯಾವುದೋ ಹುಡುಗಿಯನ್ನು ಕೂರಿಸಿ ಇಡೀ ಕಟ್ಟಿಗೆ ಸೊನ್ನೆ ಬರೆಸಿ, ವಾರಕ್ಕೊಂದರಂತೆ ಮೊಹರು ಒತ್ತಿ ಕಳಿಸುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾನೂ ಕಣ್ಣು ಮುಚ್ಚಿಯೇ ಇದ್ದೆ ಅನ್ನಿ. ಮೂರು ವರ್ಷದಲ್ಲಿ ಅರವತ್ತು ಹುಡುಗಿಯರಲ್ಲಿ ಒಬ್ಬಳಿಗೂ ಏನೂ ಆಗಿಲ್ಲವೆಂದು ಈ ವರ್ಷ ನಿಮ್ಮ ಹಾಸ್ಟೆಲ್ಲನ್ನು ಮೆಚ್ಚಿಕೆಯ ಪಟ್ಟಿಗೆ ಸೇರಿಸಿದವಳು ನಾನೇ.

ಮೇಟ್ರನ್ ಅವರಿಗೆ ಕಚೇರಿಯ ಕಾಗದದಲ್ಲಿ ಒಂದು ಮಾತು ಬರೆಯುತ್ತಿದ್ದೇನೆ. ಸರಿಹೋಗುತ್ತದೆ.

ವರದಿ ಮೇಜು


14 ಸೆಪ್ಟೆಂಬರ್

ಮೇಡಂ,

ಇಷ್ಟು ದಿನ ಬರೆಯಲಾಗಲಿಲ್ಲ. ಉತ್ತರ ಬರೆದರೆ ಲಕೋಟೆಯ ಹಿಂದಿನ ವಿಳಾಸಕ್ಕೆ ಬರೆಯಿರಿ, ಅದು ನಮ್ಮ ಅಡುಗೆಯಮ್ಮನ ಮನೆ. ಈ ಕಾಗದವನ್ನೂ ಅವರೇ ಡಬ್ಬಿಗೆ ಹಾಕುತ್ತಾರೆ. ನಿಮ್ಮ ಕಚೇರಿಯ ಕಾಗದ ಬಂದ ದಿನ ಮೇಟ್ರನ್ ನನ್ನನ್ನು ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಕೊಟ್ಟು ಕೂರಿಸಿ ಮೆತ್ತಗೆ ಹೇಳಿದರು: “ಒಂದು ಅಂತ ಬರೆದರೆ ಮೂರು ವಾರ ಗೇಟು ಮುಚ್ಚಿಸ್ತಾರೆ. ಮನೆಗೆ ಹೋದ ಹುಡುಗಿಯರಲ್ಲಿ ಅರ್ಧ ಜನ ವಾಪಸು ಬರಲ್ಲ, ಅಲ್ಲೇ ಉಳಿಸಿಕೊಳ್ತಾರೆ. ನಾನು ಕಣ್ಣಾರೆ ನೋಡಿದೀನಿ. ಯಾರ ಪಾಲಿಗೆ ಒಳ್ಳೇದು ಮಾಡ್ತಿದೀಯ ನೀನು?”   ಅಂದಿನಿಂದ ಹೊರಗೆ ಹೋಗುವ ಕಾಗದಗಳನ್ನು ಅಂಟಿಸದೆ ಅವರ ಕೈಗೆ ಕೊಡಬೇಕು.

ನಾನು ಬರೆದದ್ದು ಒಂದು ಜನರಲ್ ಡೌಟ್ ಕೇಳಲು. ಗಂಟಲು ನೋವು ಕಾರ್ಡಿನಲ್ಲಿ ಬರುತ್ತದೆಯೇ? ಅದರ ಹೆಸರಿನ ಚೌಕ ಕಾಣಲಿಲ್ಲ. ಸ್ವಲ್ಪ ಜ್ವರವೂ, ನುಂಗಲು ಕಷ್ಟವೂ ಇದ್ದರೆ? ಇದು ಯಾರ ಬಗ್ಗೆಯೂ ಅಲ್ಲ.

ರೇಡಿಯೊ ಚೆನ್ನಾಗಿದ್ದಾಳೆ. ಮೂರು ದಿನದಿಂದ ದನಿ ಒಡೆದಿದೆ ಅಷ್ಟೇ. ಸ್ಟೇಷನ್ ಸಿಗುತ್ತಿಲ್ಲ ಅಂತ ಎಲ್ಲರೂ ತಮಾಷೆ ಮಾಡಿದರು. ಮೇಟ್ರನ್ ಅವಳನ್ನು ಸಿಕ್ ರೂಮಿಗೆ ಹಾಕಿದ್ದಾರೆ, ಮೂರನೇ ಮಂಚಕ್ಕೆ. ನಾನು ಒಂದನೇ ಮಂಚದ ಹಾಸಿಗೆ ದಪ್ಪಗಿದೆ ಅಂದೆ. ಇಲ್ಲ, ಮೂರನೆಯದೇ ಅಂದರು. ಪರೀಕ್ಷೆ ಇಪ್ಪತ್ತೈದಕ್ಕೆ. ಬರೆಯದಿದ್ದರೆ ಫಸ್ಟ್ ಇಯರಿನವರ ಸೀಟು ಹೋಗುತ್ತದೆ. ರೇಡಿಯೊಗೆ ಇದು ಎರಡನೇ ವರ್ಷದ ಫಸ್ಟ್ ಇಯರ್, ಈ ಸಲ ಹೋದರೆ ಓದು ಸಾಕು ಅಂತ ಅವಳ ಅಪ್ಪ ಹೇಳಿಯೇ ಕಳಿಸಿದ್ದಾರೆ. ಆದ್ದರಿಂದ ಕಾರ್ಡಿನಲ್ಲಿ ಏನೂ ಬರೆಯಬಾರದೆಂದು ಅವಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಆಣೆ ಹಾಕಿಸುವಾಗಲೂ ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಜನರಲ್ ಡೌಟ್ ಮೇಡಂ. ಅರ್ಜೆಂಟ್ ಇಲ್ಲ.

ಕೊಠಡಿ 14


16 ಸೆಪ್ಟೆಂಬರ್
ವರದಿ ಮೇಜು

ಮಗೂ,

ನಿನ್ನ ಜನರಲ್ ಡೌಟಿಗೆ ಜನರಲ್ ಉತ್ತರ ಇಲ್ಲ. ಇದನ್ನು ಓದಿದ ಕೂಡಲೇ ಒಂದು ಚಮಚ ಮತ್ತು ಟಾರ್ಚ್ ತೆಗೆದುಕೊಂಡು ಹೋಗು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊ. ಚಮಚದ ಹಿಡಿಯಿಂದ ಅವಳ ನಾಲಿಗೆ ಒತ್ತಿ, ಬಾಯಿ ಬಿಡಿಸಿ, ಒಳಗೆ ನೋಡು. ಬರೀ ಕೆಂಪಾಗಿದ್ದರೆ ಒಂದು ಮಾತು. ಬೂದು ಬಣ್ಣದ ಪೊರೆ ಅಂಟಿಕೊಂಡಿದ್ದರೆ ಅದನ್ನು ಕೀಳಲು ಹೋಗಬೇಡ. ಕುತ್ತಿಗೆ ಊದಿದೆಯೇ ನೋಡು. ಅದಕ್ಕೆ ನಮ್ಮ ಹಿರಿಯರು ಗಂಟಲಮಾರಿ ಅನ್ನುತ್ತಿದ್ದರು. ಉಸಿರಿನ ದಾರಿಯನ್ನೇ ಮುಚ್ಚುವ ರೋಗ. ಮದ್ದು ಇದೆ, ಆದರೆ ದಿನ ಎಣಿಸಿ ಕೊಡುವ ಮದ್ದು.

ಗಂಟಲಮಾರಿ ಶನಿವಾರದವರೆಗೆ ಕಾಯುವುದಿಲ್ಲ. ಖಾತ್ರಿಯೂ ಬೇಕಿಲ್ಲ. ಸಂಶಯ ಬಂದರೆ ಸಾಕು, ಅದೇ ದಿನ ತಿಳಿಸಬೇಕು. ಡಾಕ್ಟರೇ ತಿಳಿಸಬೇಕೆಂದೂ ಇಲ್ಲ.

ನಿನ್ನೆ ನಿನ್ನ ಕಾಗದ ಬಂದ ಕೂಡಲೇ ಹಾಸ್ಟೆಲ್ಲಿಗೆ ಫೋನು ಮಾಡಿದೆ. ಒಬ್ಬ ಹೆಂಗಸು ಎತ್ತಿದರು. ಸಿಕ್ ರೂಮಿನಲ್ಲಿ ಯಾರಿದ್ದಾರೆ ಅಂತ ಕೇಳಿದೆ. “ಯಾರೂ ಇಲ್ಲ” ಅಂದರು. ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತುವವರಿಲ್ಲ. ಮೇಲಿನವರನ್ನು ಕೇಳಿದೆ. ವರದಿ ಕೈಯಲ್ಲಿಲ್ಲದೆ ತಂಡ ಗೇಟು ದಾಟುವ ಹಾಗಿಲ್ಲವಂತೆ. ಕಾಗದ ವರದಿಯಲ್ಲವಂತೆ, ಕಾರ್ಡೇ ಆಗಬೇಕಂತೆ. ಮೂವತ್ತೊಂದು ವರ್ಷ ಈ ನಿಯಮವನ್ನು ನಾನೇ ಎಲ್ಲರಿಗೂ ಪಾಠ ಹೇಳಿದ್ದೇನೆ.

ನಿನ್ನ ಮೇಟ್ರನ್‌ಗೆ ನಾನು ಬರೆಯಬಾರದಿತ್ತು. ಅದು ನನ್ನ ತಪ್ಪು. ಆಣೆ ನೀನು ಮುರಿ, ಪಾಪ ನನಗೆ ಬರಲಿ. ಹೇಗಾದರೂ ಒಂದು ಕಾರ್ಡು ನನಗೆ ಮುಟ್ಟಿಸು.

ವರದಿ ಮೇಜು


ಸೆಪ್ಟೆಂಬರ್ ಹತ್ತೊಂಬತ್ತು
ಹೆಣ್ಣುಮಕ್ಕಳ ಹಾಸ್ಟೆಲ್

ಮಾನ್ಯರೇ,

ಅನಗತ್ಯ ಕಾಗದಗಳನ್ನು ಬರೆದು ತಮ್ಮ ಕಚೇರಿಯ ಸಮಯ ಹಾಳು ಮಾಡಿದ್ದಕ್ಕೆ ವಿಷಾದಿಸುತ್ತೇನೆ. ತಾವು ಅಡುಗೆಯವರ ಮನೆಗೆ ಬರೆದ ಕಾಗದವನ್ನು ಮೇಟ್ರನ್ ಮೇಡಂ ಅವರೂ ಓದಿರುತ್ತಾರೆ. ಈ ಉತ್ತರವನ್ನು ಅವರ ಸಮಕ್ಷಮದಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಆರೋಗ್ಯದಿಂದಿದ್ದಾರೆ. ಸಿಕ್ ರೂಮಿನಲ್ಲಿ ಯಾರೂ ಇಲ್ಲ. ನನ್ನ ರೂಮ್‌ಮೇಟ್ ತನ್ನ ಮನೆಗೆ ಹೋಗಿದ್ದಾಳೆ. ಅವಳ ಚಪ್ಪಲಿ ಬೀರುವಿನಲ್ಲಿ ಭದ್ರವಾಗಿದೆ.

ಈ ವಾರದ ಕಾರ್ಡನ್ನು ಇದರೊಂದಿಗೆ ಲಗತ್ತಿಸಿದೆ. ಹಿಂದೆ ಕಾರ್ಡಿನಲ್ಲಿ ಇಂಗ್ಲಿಷ್ ಅಂಕಿ ಹಾಕಿದ್ದು ನನ್ನ ತಪ್ಪು. ಚಿಕ್ಕಂದಿನಿಂದ ನಮ್ಮ ಅಂಕಿಗಳಲ್ಲೇ ಬರೆದು ಅಭ್ಯಾಸವಿರುವುದರಿಂದ ಇಂಗ್ಲಿಷ್ ಅಂಕಿ ನನಗೆ ಸರಿಯಾಗಿ ಬಾರದು. ಆದ್ದರಿಂದ ಈ ಸಲ ನಮ್ಮ ಸೊನ್ನೆಯನ್ನೇ ಹಾಕಿದ್ದೇನೆ. ಇಲ್ಲಿ ಹಿಂದಿನವರೂ ಹೀಗೆಯೇ ಹಾಕುತ್ತಿದ್ದರು.

ತಮ್ಮ ವಿಧೇಯಳು,
ಕೊಠಡಿ ಹದಿನಾಲ್ಕು


21 ಸೆಪ್ಟೆಂಬರ್

ಮಗೂ,

ಇದು ಟಪಾಲಿನಲ್ಲಿ ಬರುತ್ತಿಲ್ಲ. ಜೀಪಿನಲ್ಲಿ ಬರುವ ನರ್ಸಮ್ಮ ನಿನ್ನ ಕೈಗೇ ಕೊಡುತ್ತಾಳೆ. ಅವಳಿಗೆ ಮೂರನೇ ಮಂಚ ತೋರಿಸು. ಮದ್ದಿನ ಪೆಟ್ಟಿಗೆ ಅವಳ ಹತ್ತಿರ ಇದೆ. ಯಾರು ತಡೆದರೂ ನಿಲ್ಲಬೇಡಿ. ಕಾರ್ಡು ಅವಳ ಜೇಬಿನಲ್ಲಿದೆ, ಗೇಟು ತೆರೆಯಲೇಬೇಕು.

ನಿನ್ನ ಕಾಗದವನ್ನು ಮೊದಲು ಓದಿದಾಗ ಸಿಟ್ಟು ಬಂತು. ಹೆದರಿಬಿಟ್ಟಳು, ಸೊನ್ನೆ ಹಾಕಿ ಕೈ ತೊಳೆದುಕೊಂಡಳು ಅಂದುಕೊಂಡೆ. ಕಾರ್ಡನ್ನು ಸೊನ್ನೆಯ ಕಟ್ಟಿಗೆ ಸೇರಿಸಿಯೂ ಆಯಿತು. ಊಟದ ಡಬ್ಬಿ ಬಿಚ್ಚುತ್ತಿರುವಾಗ ಒಂದು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಬಸ್ಸಿನ ಬೋರ್ಡನ್ನು ಗೆಳತಿಯಿಂದ ಓದಿಸುವ ಹುಡುಗಿಗೆ ಇಂಗ್ಲಿಷ್ ಅಂಕಿ ಬರುವುದಿಲ್ಲ ಅಂದರೆ ಏನು? ಎದ್ದು ಹೋಗಿ ಕಾರ್ಡು ತೆಗೆದು ಚಾಳೀಸು ಹಾಕಿಕೊಂಡು ನೋಡಿದೆ. ನಿನ್ನ ಸೊನ್ನೆ ಕೆಳಗೆ ಬಾಯಿ ಬಿಟ್ಟಿತ್ತು.

ಅದು ಸೊನ್ನೆ ಅಲ್ಲವಲ್ಲ. ೧.

ಆಮೇಲೆ ಹಳದಿ ಕಾರ್ಡುಗಳನ್ನು ನೆಲದ ಮೇಲೆ ಹರಡಿದೆ. ನೂರಾ ಅರವತ್ತು. ಪಕ್ಕದ ಮೇಜಿನವನನ್ನೂ ಕರೆದೆ. ಅವನೂ ಬಗ್ಗಿ ಒಂದೊಂದನ್ನೇ ನೋಡಿದ. ಒಂದರಲ್ಲೂ ಶಾಯಿ ಮುಗಿದಿಲ್ಲ, ಮಗೂ. ಎಲ್ಲವೂ ೧. ಮೂರು ವರ್ಷದಿಂದ ಪ್ರತಿ ಸೋಮವಾರ ಯಾರೋ ಒಬ್ಬಳು ನನ್ನ ಮೇಜಿಗೆ ಬಂದು ‘ಒಬ್ಬಳಿದ್ದೇನೆ’ ಅಂದಿದ್ದಾಳೆ. ನಾನು ಪ್ರತಿ ಸೋಮವಾರ ‘ಯಾರೂ ಇಲ್ಲ’ ಅಂತ ಬರೆದುಕೊಂಡಿದ್ದೇನೆ.

ನಾನು ಎಣಿಸಲು ಕಲಿತದ್ದೇ ನಮ್ಮ ಅಂಕಿಯಲ್ಲಿ, ಮರಳಿನ ಮೇಲೆ ಬೆರಳಿನಿಂದ ತೀಡಿ. ಆಮೇಲೆ ಕಚೇರಿಗೆ ಇಂಗ್ಲಿಷ್ ಅಂಕಿ ಬಂತು. ಆದರೆ ಅದು ಕಾರಣವಲ್ಲ. ಸೊನ್ನೆ ಬಂದರೆ ಆ ಸಾಲು ಬೇಗ ಮುಗಿಯುತ್ತದೆ. ನನ್ನ ಕಣ್ಣಿಗೆ ಸೊನ್ನೆ ಬೇಕಿತ್ತು.

ಅವಳು ಯಾರು ಅಂತ ಕೇಳಿ ತಿಳಿದುಕೊ. ನಿನ್ನ ಗಂಟಲನ್ನೂ ನರ್ಸಮ್ಮನಿಗೆ ತೋರಿಸು. ಬಚ್ಚಿಡಬೇಡ.

ವರದಿ ಮೇಜು


೧ ಅಕ್ಟೋಬರ್
ಸಿಕ್ ರೂಮ್, ಮೂರನೇ ಮಂಚ

ಮೇಡಂ,

ರೇಡಿಯೊ ಬದುಕಿದ್ದಾಳೆ. ಇದನ್ನೇ ಮೊದಲು ಬರೆಯಬೇಕು ಅಂತ ಹಾಳೆ ತೆಗೆದೆ. ನರ್ಸಮ್ಮ ಬಂದ ದಿನ ಅವಳ ಕುತ್ತಿಗೆ ಮುಖದಷ್ಟೇ ಅಗಲವಾಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ಅಂತ ಹೇಳುತ್ತಲೇ ನರ್ಸಮ್ಮ ಮದ್ದಿನ ಪೆಟ್ಟಿಗೆ ತೆರೆದರು. ಈಗ ದೊಡ್ಡಾಸ್ಪತ್ರೆಯಲ್ಲಿದ್ದಾಳೆ, ಹೃದಯ ಇನ್ನೂ ವೀಕ್ ಅಂತೆ, ಮಾತಾಡಬಾರದಂತೆ. ಸ್ಲೇಟಿನಲ್ಲಿ ಬರೆದು ವಾರ್ಡಿನವರ ತಲೆ ತಿನ್ನುತ್ತಿದ್ದಾಳಂತೆ.

ಆ ಅಂಕಿಯನ್ನು ಕಂಡುಹಿಡಿದದ್ದು ಅವಳೇ. ನೀವು ಹೇಳಿದ ಹಾಗೆ ಚಮಚ ಹಿಡಿದು ನೋಡಿದೆ. ಒಳಗೆ ಬೂದು ಬಣ್ಣ, ಹಳೆಯ ಒದ್ದೆ ಬಟ್ಟೆ ಅಂಟಿಕೊಂಡ ಹಾಗೆ. ಚಮಚ ತೆಗೆದು ಟಾರ್ಚ್ ಆರಿಸಿದೆ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. ಆಣೆ ಮುರಿಯುತ್ತೇನೆ, ಆದರೆ ಮೇಟ್ರನ್ ಸೊನ್ನೆಯನ್ನು ಮಾತ್ರ ಹೊರಗೆ ಬಿಡುತ್ತಾರೆ ಅಂತ ಅಳುತ್ತಾ ಹೇಳಿದೆ. ಅವಳು ಗೋಡೆಯ ಕಡೆಗೆ ಹೊರಳಿದಳು. ಆಮೇಲೆ ಗೋಡೆಯ ಮೇಲಿನ ವೃತ್ತಗಳನ್ನು ಬೆರಳಿನಿಂದ ಮುಟ್ಟಿದಳು. ಸ್ಲೇಟಿನಲ್ಲಿ ಬರೆದಳು: ‘ದಡ್ಡಿ, ಇವು ಸೊನ್ನೆ ಅಲ್ಲ. ಎಲ್ಲಾ ಒಂದು. ಮೊನ್ನೆಯಿಂದ ಓದ್ತಾ ಮಲಗಿದೀನಿ.’ ಅದರ ಕೆಳಗೆ ೦ ಮತ್ತು ೧ ಪಕ್ಕಪಕ್ಕ ಬರೆದು ತೋರಿಸಿದಳು. ಇಂಗ್ಲಿಷ್ ಮೀಡಿಯಂ ಅಂತ ಸೇರಿಸಿ ಅಡಿಗೆರೆ ಹಾಕಿದಳು. ಅಂಥ ಹೊತ್ತಿನಲ್ಲೂ.

ಮೇಟ್ರನ್ ಅವರ ಎದುರಿಗೇ ಕೂತು ಆ ಕಾರ್ಡು ಬರೆದೆ. ಅವರು ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣಿಗೂ ಸೊನ್ನೆ ಬೇಕಿತ್ತು.

ಅವಳು ಯಾರು ಅಂತ ಕೇಳಿದ್ದಿರಿ. ಮೂರು ವರ್ಷದ ರಿಜಿಸ್ಟರಿನಲ್ಲಿ ಆ ಹಾಳೆಗಳಿಲ್ಲ. ಅಡುಗೆಯಮ್ಮ ಅವಳನ್ನು ‘ಆ ಮಗು’ ಅನ್ನುತ್ತಾರೆ, ಅದಕ್ಕಿಂತ ಹೆಚ್ಚು ಹೇಳಲು ಹೆದರುತ್ತಾರೆ. ನನ್ನ ಹಾಗೆ ಹದಿನಾಲ್ಕನೇ ಕೊಠಡಿ, ನನ್ನದೇ ಡ್ಯೂಟಿ. ಗಂಟಲು ಊದಿ ಈ ಮಂಚಕ್ಕೆ ಬಂದಳಂತೆ. ಸುಮ್ಮನೆ ಮಲಗಿರುವ ಬದಲು ಇವಕ್ಕೆಲ್ಲ ಸೊನ್ನೆ ಹಾಕು ಅಂತ ಮೇಟ್ರನ್ ಕಾರ್ಡಿನ ಕಟ್ಟುಗಳನ್ನು ತಂದು ಹಾಸಿಗೆಯ ಮೇಲೆ ಇಟ್ಟರಂತೆ. ಒಂದು ವಾರ ಕೂತು ಬರೆದಳು. ಒಂದು ಕಟ್ಟು ಮುಗಿದಾಗ ಗೋಡೆಯ ಮೇಲೆ ಬರೆಯುತ್ತಿದ್ದಳು. ದನಿ ಹೋಗಿತ್ತಲ್ಲ, ಬೇರೆ ಹೇಗೆ ಬಾಯಿ ಬಿಡುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ ಮಂಚ ಖಾಲಿ. ಮನೆಗೆ ಹೋದಳು ಅಂದರಂತೆ. ಬರಿಗಾಲಲ್ಲಿ ಯಾರಾದರೂ ಮನೆಗೆ ಹೋಗ್ತಾರೇನಮ್ಮ ಅಂತ ಅಡುಗೆಯಮ್ಮ ನನ್ನನ್ನೇ ಕೇಳಿದರು.

ಮೇಟ್ರನ್ ಅವರನ್ನು ವಿಚಾರಣೆಗೆ ಕರೆದುಕೊಂಡು ಹೋಗಿದ್ದಾರೆ. ಅವರ ಕೋಣೆಗೆ ಬೀಗ ಹಾಕಿ, ಅರಗು ಇಟ್ಟು ಮುದ್ರೆ ಒತ್ತಿದ್ದಾರೆ. ಮೊಹರೂ ಫೋನೂ ಒಳಗೇ ಉಳಿದಿವೆ. ಉಳಿದಿದ್ದ ಹತ್ತೊಂಬತ್ತು ಹಳದಿ ಕಾರ್ಡನ್ನೂ ಬಿಳಿ ಕಾರ್ಡಿನ ಕಟ್ಟನ್ನೂ ನರ್ಸಮ್ಮ ನಿಮಗೆ ಒಪ್ಪಿಸಲು ತೆಗೆದುಕೊಂಡು ಹೋದರು. ಹುಡುಗಿಯರೆಲ್ಲ ಮೇಲಿನ ಮಹಡಿಯಲ್ಲಿ. ರೇಡಿಯೊ ಜೊತೆಗಿದ್ದವಳು ಅಂತ ನಾನೊಬ್ಬಳೇ ಇಲ್ಲಿ. ಮಿಕ್ಕ ಮೂರು ಮಂಚಗಳನ್ನು ತೊಳೆಯಲು ಹೊರಗೆ ಹಾಕಿದ್ದಾರೆ, ಇದೊಂದನ್ನೇ ತೊಳೆದು ವಾಪಸು ಇಟ್ಟರು. ನಾನು ಕೇಳಿಕೊಂಡದ್ದಲ್ಲ. ನನ್ನ ಗಂಟಲಿನಿಂದ ಹತ್ತಿ ಸುತ್ತಿದ ಕಡ್ಡಿಯಲ್ಲಿ ತೆಗೆದ ಮೊದಲ ಸ್ಯಾಂಪಲ್ ಏನೂ ಇಲ್ಲ ಅಂತ ಬಂತು. ಮಾತ್ರೆ ಕೊಟ್ಟಿದ್ದಾರೆ. ಶುಕ್ರವಾರ ಇನ್ನೊಂದು ಸ್ಯಾಂಪಲ್ ತೆಗೆದುಕೊಂಡು ಹೋದರು. ನರ್ಸಮ್ಮ ಇನ್ನು ಬರುವುದು ಬುಧವಾರ.

ನಿನ್ನೆ ಶನಿವಾರ. ಕಾರ್ಡೇ ಇಲ್ಲವಲ್ಲ, ನಾನು ಏನೂ ಕಳಿಸಲಿಲ್ಲ. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲಿತ್ತು. ಬರೆದವಳು ಎಷ್ಟು ಒತ್ತಿ ಬರೆದಿದ್ದಾಳೆ ಅಂತ ಬೆರಳಾಡಿಸಿ ನೋಡುತ್ತಿದ್ದೆ. ಹೊರಗೆ ಕಾಲೇಜಿನ ಗಡಿಯಾರ ನಾಲ್ಕು ಹೊಡೆಯಿತು. ಆಗ ಮೇಟ್ರನ್ ಕೋಣೆಯ ಕಡೆಯಿಂದ ಕೇಳಿಸಿತು. ಟಕ್. ಒಂದೇ ಸಲ.

ಹೋಗಿ ನೋಡಿದೆ. ಅರಗು ಒಡೆದಿಲ್ಲ, ಬೀಗ ಹಾಗೇ ಇದೆ. ನಿಮಗೆ ಗೊತ್ತಲ್ಲ, ನಾನು ಎರಡೆರಡು ಸಲ ಎಳೆದು ನೋಡುವವಳು. ನಾಲ್ಕು ಸಲ ಎಳೆದೆ. ಟ್ಯಾಂಕಿನ ಪೈಪು ಬಿಸಿಲಿಗೆ ಸದ್ದು ಮಾಡಿರಬೇಕು. ವಾಪಸು ಬರುವಾಗ ಬೀರು ತೆರೆದು ನೋಡಿದೆ, ಯಾಕೆ ನೋಡಿದೆನೋ. ನೀಲಿ ಚಪ್ಪಲಿ ಇದ್ದ ಜಾಗದಲ್ಲೇ ಇತ್ತು. ಬೇಗ ಮುಚ್ಚಿಬಿಟ್ಟೆ.

ಇನ್ನೊಂದು ವಿಷಯ. ಬಚ್ಚಿಡಬೇಡ ಅಂದಿದ್ದಿರಿ. ಬಚ್ಚಿಟ್ಟೆ. ಗುರುವಾರದಿಂದ ನುಂಗುವಾಗ ನೋವಿದೆ. ಶುಕ್ರವಾರ ನರ್ಸಮ್ಮ ಕೇಳಿದಾಗ ಏನೂ ಇಲ್ಲ ಅಂದೆ. ಮುಂದೆ ಹಾಕಿದ ಪರೀಕ್ಷೆ ಒಂಬತ್ತಕ್ಕೆ ಇದೆ, ಬಾಯಿಗೆ ತಾನಾಗಿ ಬಂದದ್ದು ಅದೇ ಮಾತು. ಇವತ್ತು ಬೆಳಿಗ್ಗೆ ಅಡುಗೆಯಮ್ಮ ಬಾಗಿಲಾಚೆಯಿಂದ ಕೂಗಿದರು. ಉತ್ತರ ಕೊಟ್ಟೆ. ಅವರಿಗೆ ಕೇಳಿಸಲಿಲ್ಲ. ಚಮಚದ ಬೆನ್ನಿನಲ್ಲಿ ನನ್ನ ಗಂಟಲು ನೋಡಿಕೊಳ್ಳಲು ಪ್ರಯತ್ನಿಸಿದೆ. ಬರೀ ಬಾಯಿ ಕಾಣಿಸುತ್ತದೆ, ದುಂಡಗೆ, ಒಳಗೆ ಕತ್ತಲು. ರೇಡಿಯೊ ಇದ್ದಿದ್ದರೆ ನೋಡಿ ಹೇಳುತ್ತಿದ್ದಳು.

ಈ ಕಾಗದವನ್ನು ಕಿಟಕಿಯಿಂದ ಅಡುಗೆಯಮ್ಮನಿಗೆ ಕೊಡುತ್ತೇನೆ. ಅಂಚೆಗಿಂತ ಬೇಗ ಸೇರಲಿ ಅಂತ ಅವರ ಮಗಳು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಾಳಂತೆ. ನಾಳೆ ಸೋಮವಾರ, ಕಾರ್ಡುಗಳು ಬರುವ ದಿನವೇ ಇದೂ ನಿಮ್ಮ ಮೇಜಿಗೆ ಬರುತ್ತದೆ. ದಯವಿಟ್ಟು ಕಟ್ಟು ಬಿಚ್ಚಿ ನೋಡಿ. ನಮ್ಮ ಹಾಸ್ಟೆಲ್ಲಿನಿಂದ ಈ ವಾರವೂ ಕಾರ್ಡು ಬಂದಿದೆಯೇ? ಬಂದಿದ್ದರೆ ಅದರ ಸುತ್ತು ಕೆಳಗೆ ಮುಚ್ಚಿದೆಯೋ, ಬಾಯಿ ಬಿಟ್ಟಿದೆಯೋ? ಬಾರದಿದ್ದರೆ ಇದನ್ನೇ ಕಾರ್ಡು ಅಂದುಕೊಳ್ಳಿ. ಕಾಗದ ವರದಿಯಲ್ಲ ಅನ್ನುತ್ತಾರೆಂದು ಗೊತ್ತು, ಅದಕ್ಕೆ ಚೌಕ ಎಳೆದು ಅದರೊಳಗೆ ನಮ್ಮ ಅಂಕಿಯಲ್ಲೇ ಬರೆದಿದ್ದೇನೆ, ಈ ಸಲ ಯಾರನ್ನೂ ಕೇಳದೆ.

ಗಂಟಲಮಾರಿ, ಸಂಶಯ: ೧

ಬೇಗ ಉತ್ತರ ಬರೆಯಿರಿ.

ಕೊಠಡಿ ಹದಿನಾಲ್ಕು